ಕಿರುಗುರಾಣಿಯ ಪಾಠ, ದುಂಡುಗುರಾಣಿಯ ಪ್ರಶ್ನೆ: ಲೀಡ್ಸ್ ಹಸ್ತಪ್ರತಿಯಿಂದ ವೈಕಿಂಗ್ ಕಾಲದ ಕತ್ತಿವರಸೆಯನ್ನು ಊಹಿಸಬಹುದೇ?

ಯೂರೋಪಿನ ಪ್ರಾಚೀನ ಕತ್ತಿವರಸೆಯ ಅಧ್ಯಯನದಲ್ಲಿ ಒಂದು ದೊಡ್ಡ ಕಂದರವಿದೆ. ವೈಕಿಂಗರ ಕಾಲದ ದುಂಡುಗುರಾಣಿಗಳು ಸಮಾಧಿಗಳಲ್ಲಿ, ಜೌಗುನೆಲದಲ್ಲಿ ಸಿಕ್ಕಿವೆ. ಆದರೆ ಅವನ್ನು ಹೇಗೆ ಹಿಡಿಯಬೇಕು, ಹೇಗೆ ಬೀಸಬೇಕು ಎಂದು ತಿಳಿಸುವ ಆ ಕಾಲದ ಪಾಠಗ್ರಂಥ ಒಂದೂ ಇಲ್ಲ. ಇತ್ತ, ಯೂರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕತ್ತಿವರಸೆಯ ಪಾಠಗ್ರಂಥ ಕಲಿಸುವುದು ಮುಷ್ಟಿಯನ್ನು ಕಾಯುವಷ್ಟು ಚಿಕ್ಕದಾದ ಕಿರುಗುರಾಣಿಯ ಬಳಕೆಯನ್ನು. ಹೀಗಾಗಿ ಆ ಗ್ರಂಥದ ವರಸೆಗಳನ್ನು ದೊಡ್ಡ ಗುರಾಣಿಗೆ ಹೊಂದಿಸುವ ಪ್ರಯತ್ನ ಕಳೆದ ಕೆಲವು ದಶಕಗಳಿಂದ ನಡೆದಿದೆ. ಈ ಹೊಂದಾಣಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ. ನಿಲುವುಗಳನ್ನು ಇದ್ದ ಹಾಗೆಯೇ ಎತ್ತಿ ತರಲಾಗದು, ಆದರೆ ಆ ನಿಲುವುಗಳು ಬಿಡಿಸುವ ಸಮಸ್ಯೆಗಳನ್ನು ತರಬಹುದು ಎಂಬುದು ನನ್ನ ವಾದ.

ಹಸ್ತಪ್ರತಿಯ ಸ್ವರೂಪ

ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿರುವ ಈ ಹಸ್ತಪ್ರತಿಯನ್ನು ವಿದ್ವಾಂಸರು ‘ಐ.33’ ಎಂದು ಕರೆಯುತ್ತಾರೆ. ಜರ್ಮನಿಯ ಫ್ರಾಂಕೋನಿಯಾ ಪ್ರದೇಶದಲ್ಲಿ 14ನೇ ಶತಮಾನದ ಆರಂಭದ ಹೊತ್ತಿಗೆ ಸಿದ್ಧವಾದ ಇದರಲ್ಲಿ 32 ಚರ್ಮಪತ್ರದ ಹಾಳೆಗಳಿವೆ. ಪಠ್ಯ ಲ್ಯಾಟಿನ್, ವರಸೆಯ ಪಾರಿಭಾಷಿಕ ಪದಗಳು ಜರ್ಮನ್. ಚಿತ್ರಗಳಲ್ಲಿ ಒಬ್ಬ ಪಾದ್ರಿ ಗುರುವಾಗಿ, ಒಬ್ಬ ವಿದ್ಯಾರ್ಥಿ ಶಿಷ್ಯನಾಗಿ ಎದುರುಬದುರು ನಿಲ್ಲುತ್ತಾರೆ. ಕೊನೆಯ ಪುಟಗಳಲ್ಲಿ ಶಿಷ್ಯನ ಜಾಗಕ್ಕೆ ವಾಲ್ಪುರ್ಗಿಸ್ ಎಂಬ ಹೆಂಗಸು ಬರುತ್ತಾಳೆ. ಬಹುಕಾಲ ಗೋಥಾದ ಗ್ರಂಥಾಲಯದಲ್ಲಿದ್ದ ಈ ಪ್ರತಿ ಎರಡನೇ ಮಹಾಯುದ್ಧದ ಹೊತ್ತಿಗೆ ಕಣ್ಮರೆಯಾಗಿ, 1950ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಜೆಫ್ರಿ ಫೋರ್ಗೆಂಗ್ 2003ರಲ್ಲಿ ಪ್ರಕಟಿಸಿದ ಸಂಪಾದಿತ ಅನುವಾದದಿಂದ ಇದು ಜಗತ್ತಿನೆಲ್ಲೆಡೆಯ ಅಭ್ಯಾಸಿಗಳ ಕೈಗೆ ಬಂತು.

ಗ್ರಂಥ ಏಳು ಮೂಲ ನಿಲುವುಗಳನ್ನು ಎಣಿಸುತ್ತದೆ: ಕತ್ತಿ ಎಡತೋಳಿನ ಕೆಳಗೆ, ಬಲಭುಜದ ಮೇಲೆ, ಎಡಭುಜದ ಮೇಲೆ, ತಲೆಯ ಮೇಲೆ, ಬಲಮಗ್ಗುಲಲ್ಲಿ, ಎದೆಯ ಮುಂದೆ, ಏಳನೆಯದಾಗಿ ಮೊನೆ ಮುಂಚಾಚಿದ ‘ಲಾಂಗೊರ್ಟ್’. ಪ್ರತಿ ನಿಲುವಿಗೂ ಎದುರುನಿಲುವು ಉಂಟು. ಅವುಗಳಲ್ಲಿ ಹೆಚ್ಚಾಗಿ ಕಾಣುವ ‘ಹಾಲ್ಬ್‌ಶಿಲ್ಟ್’ನಲ್ಲಿ ಎರಡೂ ಕೈಗಳು ಜೊತೆಯಾಗಿ ಮುಂದಕ್ಕೆ ಚಾಚಿರುತ್ತವೆ, ಕತ್ತಿ ಹಿಡಿದ ಮುಷ್ಟಿಯ ಪಕ್ಕದಲ್ಲೇ ಕಿರುಗುರಾಣಿ ಇರುತ್ತದೆ. ಅಲಗಿಗೆ ಅಲಗು ತಾಗಿ ಒತ್ತಿಕೊಂಡಾಗ ಯಾರು ಮೇಲೆ, ಯಾರು ಕೆಳಗೆ, ಯಾರು ಬಿಡಿಸಿಕೊಳ್ಳಬೇಕು ಎಂಬುದೇ ಪಾಠದ ಹೆಚ್ಚಿನ ಭಾಗ. ಆ ಒತ್ತಿನಿಂದಲೇ ‘ಶಿಲ್ಟ್‌ಸ್ಲಾಕ್’ ಹುಟ್ಟುತ್ತದೆ: ಗುರಾಣಿಯಿಂದ ಎದುರಾಳಿಯ ಎರಡೂ ಕೈಗಳನ್ನು ಒತ್ತಿ ಕಟ್ಟಿಹಾಕಿ, ಬಿಡುವಾದ ಕತ್ತಿಯಿಂದ ಹೊಡೆಯುವುದು.

ಇದನ್ನೆಲ್ಲ ಓದುವಾಗ ಎದ್ದು ಕಾಣುವುದು ಒಂದೇ ಚಿಂತೆ. ಕೈ ಮುಂದೆ ಚಾಚದೆ ಕತ್ತಿ ಎದುರಾಳಿಯನ್ನು ಮುಟ್ಟದು, ಚಾಚಿದ ಕೈಯೇ ಎದುರಾಳಿಗೆ ಮೊದಲು ಸಿಗುವ ಗುರಿ. ಕಿರುಗುರಾಣಿ ಮೈಯನ್ನು ಮುಚ್ಚಲಾರದು. ಅದು ಮುಚ್ಚುವುದು ಮುಷ್ಟಿಯನ್ನು, ಅದರೊಂದಿಗೆ ಏಟು ಬರುವ ದಾರಿಯನ್ನು.

ದುಂಡುಗುರಾಣಿಯ ಪುರಾತತ್ವ ಸಾಕ್ಷ್ಯ

ನಾರ್ವೆಯ ಸಾಂಡೆಫ್ಯೋರ್ಡ್ ಬಳಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ ಸಮಾಧಿ ಸುಮಾರು ಕ್ರಿ.ಶ. 900ರದು. ಹಡಗಿನ ಒಂದೊಂದು ಬದಿಗೆ 32ರಂತೆ 64 ಗುರಾಣಿಗಳನ್ನು ಸಾಲಾಗಿ ಕಟ್ಟಿದ್ದರು. ಕಪ್ಪು, ಹಳದಿ ಬಣ್ಣಗಳನ್ನು ಒಂದನ್ನು ಬಿಟ್ಟು ಒಂದಕ್ಕೆ ಬಳಿದಿದ್ದರು. ವ್ಯಾಸ ಸುಮಾರು 94 ಸೆಂ.ಮೀ. ತೆಳು ಹಲಗೆಗಳನ್ನು ಜೋಡಿಸಿದ ಈ ಗುರಾಣಿಗಳಿಗೆ ನಡುವೆ ಒಂದು ತೂತು, ಅದರ ಮುಂದೆ ಬಟ್ಟಲಿನಂಥ ಕಬ್ಬಿಣದ ಉಬ್ಬು, ಹಿಂದೆ ಅಡ್ಡಪಟ್ಟಿಯ ಹಿಡಿ. ಇವು ಬರೀ ಶವಸಂಸ್ಕಾರಕ್ಕಾಗಿ ಮಾಡಿದವು ಎಂಬ ಹಳೆಯ ಅಭಿಪ್ರಾಯವನ್ನು ರೋಲ್ಫ್ ವಾರ್ಮಿಂಗ್ 2023ರಲ್ಲಿ ಪ್ರಕಟಿಸಿದ ಮರುಪರಿಶೀಲನೆ ಪ್ರಶ್ನಿಸಿದೆ. ಅಂಚಿನ ಸಣ್ಣ ತೂತುಗಳು ತೊಗಲಿನ ಹೊದಿಕೆ ಇದ್ದಿರಬಹುದೆಂದು ಸೂಚಿಸುತ್ತವೆ. ಡೆನ್ಮಾರ್ಕಿನ ಟ್ರೆಲೆಬೋರ್ಗ್‌ನಲ್ಲಿ 2008ರಲ್ಲಿ ದೊರೆತ 10ನೇ ಶತಮಾನದ ಮರದ ಗುರಾಣಿ ಯುದ್ಧನೆಲೆಯೊಂದರ ವಸ್ತು. ಇಂಗ್ಲೆಂಡಿನ ದೊರೆ ಅಥೆಲ್‌ಸ್ಟಾನ್ 10ನೇ ಶತಮಾನದಲ್ಲಿ ಹೊರಡಿಸಿದ ಶಾಸನ ಗುರಾಣಿಗೆ ಕುರಿಚರ್ಮ ಹೊದಿಸಬಾರದೆಂದು ನಿಷೇಧಿಸಿ, ತಪ್ಪಿದವರಿಗೆ 30 ಶಿಲಿಂಗ್ ದಂಡ ಗೊತ್ತುಮಾಡಿತು. ತೊಗಲಿನ ಗುಣ ಗುರಾಣಿಯ ಜೀವಾಳವೆಂದು ಆ ಕಾಲದ ಆಡಳಿತಕ್ಕೆ ತಿಳಿದಿತ್ತು.

ಇದರಿಂದ ಒಂದು ತೀರ್ಮಾನಕ್ಕೆ ಬರಬಹುದು. ಇಷ್ಟು ತೆಳುವಾದ ಮರ ನೇರ ಏಟನ್ನು ಮತ್ತೆ ಮತ್ತೆ ತಡೆದು ನಿಲ್ಲುವಂಥದಲ್ಲ. ಏಟನ್ನು ಓರೆಯಾಗಿ ಜಾರಿಸಲು, ಅದು ಬಲ ಪಡೆಯುವ ಮೊದಲೇ ಮುಂದೆ ಹೋಗಿ ತಡೆಯಲು ಅದನ್ನು ಚುರುಕಾಗಿ ಆಡಿಸಬೇಕು. ತೂಕ ತಗ್ಗಿಸಿ ಮಾಡಿದ ಕಸುಬಿನ ಉದ್ದೇಶವೂ ಅದೇ ಇರಬೇಕು.

ಹೊಂದಿಕೆ ಎಲ್ಲಿ, ತೊಡಕು ಎಲ್ಲಿ?

ಎರಡೂ ಗುರಾಣಿಗಳು ಹತ್ತಿರದ ಬಂಧುಗಳಾಗುವುದು ಹಿಡಿಯಿಂದ. ಎರಡರಲ್ಲೂ ತೋಳಿಗೆ ಪಟ್ಟಿ ಇಲ್ಲ, ನಡುವಿನ ಹಿಡಿಯನ್ನು ಒಂದು ಮುಷ್ಟಿ ಹಿಡಿಯುತ್ತದೆ, ಉಬ್ಬು ಅದನ್ನು ಕಾಯುತ್ತದೆ. ಆದ್ದರಿಂದ ಗುರಾಣಿಯನ್ನು ಮೈಯಿಂದ ದೂರ ಚಾಚಬಹುದು, ಮಣಿಕಟ್ಟಿನ ತಿರುವಿನಿಂದ ಅದರ ಮುಖ ಬದಲಿಸಬಹುದು.

ಗಾತ್ರ ಮಾತ್ರ ಲೆಕ್ಕವನ್ನೇ ಬದಲಿಸುತ್ತದೆ. ಕಿರುಗುರಾಣಿಯ ವ್ಯಾಸ 30 ಸೆಂ.ಮೀ. ಎಂದುಕೊಂಡರೆ, ಗೋಕ್‌ಸ್ಟಾಡ್ ಗುರಾಣಿಯ ವಿಸ್ತೀರ್ಣ ಅದರ ಹತ್ತಿರಹತ್ತಿರ 10 ಪಟ್ಟು. ಅಂಚಿಗೆ ಬಿದ್ದ ಏಟು ಮುಷ್ಟಿಯಿಂದ 15 ಸೆಂ.ಮೀ. ಬದಲು 47 ಸೆಂ.ಮೀ. ದೂರದಲ್ಲಿ ಬೀಳುತ್ತದೆ, ಅಂದರೆ ಅದೇ ಬಲ ಮಣಿಕಟ್ಟನ್ನು ಮೂರು ಪಟ್ಟು ಹೆಚ್ಚು ತಿರುಚುತ್ತದೆ. ತಿರುಗುವ ಜಡತ್ವ ತ್ರಿಜ್ಯದ ವರ್ಗಕ್ಕೆ ಅನುಗುಣ. ಗುರಾಣಿಯ ತೂಕ ನಾಲ್ಕು ಪಟ್ಟಾದರೆ ಜಡತ್ವ ಸುಮಾರು 40 ಪಟ್ಟಾಗುತ್ತದೆ. ಹೀಗಾಗಿ ದೊಡ್ಡ ಗುರಾಣಿಯನ್ನು ಮುಖಾಮುಖಿಯಾಗಿ ಹಿಡಿದು ನಿಂತರೆ, ಎದುರಾಳಿ ಅದರ ಒಂದು ಅಂಚನ್ನು ತಳ್ಳಿದ ಕೂಡಲೇ ಅದು ತಿರುಗುಣಿಯ ಮೇಲಿನ ಬಾಗಿಲಿನಂತೆ ತೆರೆದುಕೊಳ್ಳುತ್ತದೆ.

ನೋಟದ ತೊಡಕೂ ಉಂಟು. ಇಟಲಿಯ ಕತ್ತಿವರಸೆಯ ಗುರು ಜಾಕೊಮೊ ಡಿ ಗ್ರಾಸಿ 1570ರ ತನ್ನ ಗ್ರಂಥದಲ್ಲಿ ದುಂಡುಗುರಾಣಿಯನ್ನು ಮೈಗೆ ಹತ್ತಿರ ಹಿಡಿದವನಿಗೆ ಎದುರಾಳಿಯೇ ಕಾಣದಾಗುತ್ತಾನೆಂದು ಆಕ್ಷೇಪಿಸಿ, ತೋಳು ಚಾಚಿ ಹಿಡಿಯುವ ಬಗೆಯನ್ನು ಸಮರ್ಥಿಸುತ್ತಾನೆ. ಕಿರುಗುರಾಣಿಯ ಬಗ್ಗೆ ಆತ ಹೇಳುವ ಜ್ಯಾಮಿತಿಯೂ ಇದಕ್ಕೆ ಕೂಡಿಕೊಳ್ಳುತ್ತದೆ: ಎದುರಾಳಿಯತ್ತ ಮುಂಚಾಚಿದಷ್ಟೂ ಚಿಕ್ಕ ಗುರಾಣಿ ಹೆಚ್ಚು ಮೈಯನ್ನು ಕಾಯುತ್ತದೆ.

ಈ ಹಿನ್ನೆಲೆಯಲ್ಲಿ ಐ.33ರ ನಿಲುವುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬಲಭುಜದ, ಬಲಮಗ್ಗುಲಿನ ನಿಲುವುಗಳು ಬದಲಾವಣೆ ಇಲ್ಲದೆ ಒಗ್ಗುತ್ತವೆ, ಕತ್ತಿ ಗುರಾಣಿಯ ಹಾದಿಗೆ ಅಡ್ಡಬರುವುದಿಲ್ಲ. ಎಡತೋಳಿನ ಕೆಳಗಿನ ನಿಲುವಿನಲ್ಲಿ ಗುರಾಣಿಯ ಕೆಳಗಿನ ಅಂಚು ಕತ್ತಿಯ ಹಾದಿಯನ್ನು ಕಟ್ಟುತ್ತದೆ. ಗುರಾಣಿಯ ಅಂಚನ್ನು ಎದುರಾಳಿಯತ್ತ ತಿರುಗಿಸಿ ಹಿಡಿದರೆ ಮಾತ್ರ ಅದು ಸಾಧ್ಯ. ಹಾಲ್ಬ್‌ಶಿಲ್ಟ್ ಇದ್ದಂತೆ ಉಳಿಯುವುದೇ ಇಲ್ಲ, ಅಷ್ಟು ದೊಡ್ಡ ಗುರಾಣಿಯ ನಡುಭಾಗದ ಪಕ್ಕಕ್ಕೆ ಕತ್ತಿಯ ಮುಷ್ಟಿ ಬರಲಾರದು. ಅಲ್ಲಿ ಕೆಲಸ ತಿರುವುಮುರುವಾಗುತ್ತದೆ: ಗುರಾಣಿ ಕೈಯ ಬಳಿಗೆ ಹೋಗುವ ಬದಲು ಕೈ ಗುರಾಣಿಯ ಬಲ ಅಂಚಿನ ಹಿಂದಕ್ಕೆ ಬಂದು ಆಸರೆ ಪಡೆಯಬೇಕು, ಹೊಡೆಯುವಾಗ ಆ ಅಂಚಿಗೆ ಹತ್ತಿರವಾಗಿಯೇ ಹೊರಗೆ ಹೋಗಬೇಕು. ವೈಕಿಂಗ್ ಕತ್ತಿಯ ಅಡ್ಡಗಾವಲು ಐ.33ರ ಚಿತ್ರಗಳ ಕತ್ತಿಗಳದಕ್ಕಿಂತ ಚಿಕ್ಕದಾದ್ದರಿಂದ ಈ ಆಸರೆ ಇನ್ನೂ ಅಗತ್ಯ.

ಶಿಲ್ಟ್‌ಸ್ಲಾಕ್ ದೊಡ್ಡ ಗುರಾಣಿಯಲ್ಲಿ ಮತ್ತಷ್ಟು ಬಲ ಪಡೆಯುತ್ತದೆ. ಜರ್ಮನಿಯ ರೋಲಾಂಡ್ ವಾರ್ಜೆಖಾ ಪ್ರತಿಕೃತಿಗಳೊಡನೆ ನಡೆಸಿದ ಪ್ರಯೋಗಗಳಲ್ಲಿ ಒತ್ತು ಕೊಟ್ಟಿರುವುದು ಇದಕ್ಕೇ: ಅಲಗುಗಳು ತಾಗುವ ಮೊದಲೇ ಗುರಾಣಿಗೆ ಗುರಾಣಿ ತಾಗುತ್ತದೆ. ಐ.33ರಲ್ಲಿ ಅಲಗುಗಳು ಒಂದನ್ನೊಂದು ಓದುವ ಕೆಲಸವನ್ನು ಇಲ್ಲಿ ಗುರಾಣಿಗಳೇ ಮಾಡುತ್ತವೆ. ಒತ್ತಡ ಯಾವ ಕಡೆ ಹೆಚ್ಚಿದೆ ಎಂದು ಎಡಗೈ ತಿಳಿಯುತ್ತದೆ, ತೆರವಾದ ಕಡೆಯಿಂದ ಬಲಗೈ ಹೊಡೆಯುತ್ತದೆ.

ಹೋಲಿಕೆಗೆ ಒಂದು ಗಟ್ಟಿ ನೆಲ

ಈ ಪುನಾರಚನೆ ಬರೀ ಊಹೆಯಾಗಿ ಉಳಿಯದಿರಲು, ಒಬ್ಬನೇ ಗುರು ಚಿಕ್ಕ ದೊಡ್ಡ ಗುರಾಣಿಗಳೆರಡನ್ನೂ ಕಲಿಸಿದ ಉದಾಹರಣೆ ಬೇಕು. ಅದು ಇಟಲಿಯ ಬೊಲೊನ್ಯಾದಲ್ಲಿ ಸಿಗುತ್ತದೆ. ಅಕಿಲೆ ಮರೊತ್ಸೊ 1536ರಲ್ಲಿ ಅಚ್ಚುಮಾಡಿಸಿದ ‘ಓಪೆರಾ ನೋವಾ’ದಲ್ಲಿ ಚಿಕ್ಕ ಕಿರುಗುರಾಣಿ, ದೊಡ್ಡ ಕಿರುಗುರಾಣಿ, ಚೌಕ ಗುರಾಣಿ, ತೋಳಿಗೆ ಕಟ್ಟುವ ದುಂಡನೆಯ ‘ರೊತೆಲ್ಲಾ’ ಇವೆಲ್ಲಕ್ಕೂ ಬೇರೆ ಬೇರೆ ಪಾಠಗಳಿವೆ. ‘ಕೋದಾ ಲುಂಗಾ’, ‘ಪೋರ್ತಾ ದಿ ಫೆರ್ರೊ’ ಮುಂತಾದ ನಿಲುವುಗಳ ಹೆಸರುಗಳು ಎಲ್ಲೆಡೆ ಸಾಮಾನ್ಯ, ಆದರೆ ಪಾಠಗಳು ಒಂದೇ ಅಲ್ಲ. ಒಂದೇ ವ್ಯಾಕರಣ ಗುರಾಣಿಗೆ ತಕ್ಕಂತೆ ಬೇರೆ ವಾಕ್ಯಗಳನ್ನು ಕಟ್ಟುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಲಿಖಿತ ಆಧಾರವಿಲ್ಲ.

ಹಿಡಿಯ ಮಹತ್ವವನ್ನು ನಮ್ಮ ನೆಲದ ಸಾಕ್ಷ್ಯವೂ ತೋರಿಸುತ್ತದೆ. ಕರ್ನಾಟಕದ ವೀರಗಲ್ಲುಗಳಲ್ಲಿ ಕತ್ತಿ, ದುಂಡುಗುರಾಣಿ ಹಿಡಿದ ವೀರರು ಸಾಮಾನ್ಯವಾಗಿ ಕಾಣುತ್ತಾರೆ. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ನಂತರದ ಕಾಲದ ಭಾರತೀಯ ಢಾಲುಗಳಿಗೆ ಸಾಮಾನ್ಯವಾಗಿ ಹಿಂದೆ ಎರಡು ಹಿಡಿಗಳು, ಬೆರಳಗೆಣ್ಣುಗಳಿಗೆ ಒಂದು ಮೆತ್ತೆ ಇರುತ್ತವೆ, ಮುಂದಿನ ನಾಲ್ಕು ಗುಬುಟುಗಳು ಆ ಹಿಡಿಗಳನ್ನು ಬಿಗಿಯುತ್ತವೆ. ಆಕಾರ ಒಂದೇ ಆದರೂ ಏಟಿನ ಬಲ ಕೈಗೆ ಇಳಿಯುವ ಬಗೆ ಬೇರೆ. ಆದ್ದರಿಂದ ದುಂಡನೆಯದೆಲ್ಲಕ್ಕೂ ಐ.33ರ ವರಸೆ ಸಲ್ಲುತ್ತದೆಂದು ಭಾವಿಸುವುದು ಸರಿಯಲ್ಲ.

ಮಿತಿಗಳು

ಮೂರು ಆಕ್ಷೇಪಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು ಕಾಲದ್ದು. ಗೋಕ್‌ಸ್ಟಾಡ್‌ಗೂ ಐ.33ಕ್ಕೂ ಸುಮಾರು 400 ವರ್ಷಗಳ ಅಂತರ. ಐಸ್‌ಲ್ಯಾಂಡಿನ ಸಾಗಾ ಎಂಬ ಹಳೆಯ ಗದ್ಯಕಥನಗಳಿಂದ ಈ ಅಂತರ ತುಂಬಬಹುದೆಂದು ಹಲವರು ಭಾವಿಸುತ್ತಾರೆ. ನ್ಯಾಲನ ಸಾಗಾದಲ್ಲಿ ಗುನ್ನಾರ್ ತನ್ನ ಗುರಾಣಿಗೆ ನೆಟ್ಟ ಕತ್ತಿಯನ್ನು ಗುರಾಣಿ ತಿರುಚಿ ಮುರಿಯುತ್ತಾನೆ. ಆದರೆ ಆ ಕೃತಿ ಬರಹಕ್ಕಿಳಿದದ್ದು 13ನೇ ಶತಮಾನದ ಕೊನೆಯಲ್ಲಿ. ಅದು ತಾನು ವರ್ಣಿಸುವ ಕಾಲಕ್ಕಿಂತ ಐ.33ಕ್ಕೇ ಹತ್ತಿರದ್ದು.

ಎರಡನೆಯದು ಸಂದರ್ಭದ್ದು. ಹಸ್ತಪ್ರತಿ ಕಲಿಸುವುದು ಇಬ್ಬರ ನಡುವಿನ ಸೆಣಸಾಟ. ಸಾಲುಗಟ್ಟಿ ನಿಂತ ಕಾಳಗದಲ್ಲಿ ಈಟಿಯೇ ಮುಖ್ಯ, ಪಕ್ಕದವನ ಗುರಾಣಿಯೂ ತನ್ನ ರಕ್ಷೆಯ ಭಾಗ. ಈ ಪುನಾರಚನೆಯ ವ್ಯಾಪ್ತಿ ದ್ವಂದ್ವಯುದ್ಧಕ್ಕೆ, ಸಾಲು ಒಡೆದ ಮೇಲಿನ ಸೆಣಸಾಟಕ್ಕೆ ಸೀಮಿತ.

ಮೂರನೆಯದು ಪ್ರಯೋಗದ್ದು. ಅಭ್ಯಾಸದಲ್ಲಿ ಬಳಸುವ ಪ್ಲೈವುಡ್ ಗುರಾಣಿಗಳು ಅಂಚಿನವರೆಗೂ ಒಂದೇ ದಪ್ಪ, ಮೊಂಡು ಕತ್ತಿಗಳು ಮರದೊಳಕ್ಕೆ ಕಚ್ಚುವುದಿಲ್ಲ. ಅಂಥ ಸಾಮಗ್ರಿಯಲ್ಲಿ ಗೆದ್ದ ವರಸೆ ತೆಳುಹಲಗೆಯ ಮೇಲೆ ಸೋಲಬಹುದು. ಸರಿಯಾದ ದಪ್ಪ, ತೊಗಲು, ತೂಕವಿರುವ ಪ್ರತಿಕೃತಿಯಿಲ್ಲದ ಪ್ರಯೋಗ ಇಂದಿನ ಆಟಗಾರನ ಜಾಣ್ಮೆಗಷ್ಟೇ ಸಾಕ್ಷಿಯಾಗುತ್ತದೆ.

ತೀರ್ಮಾನ

ಐ.33 ವೈಕಿಂಗ್ ಯೋಧನ ಪಠ್ಯಪುಸ್ತಕವಲ್ಲ. ಆದರೆ ನಡುಹಿಡಿಯ ಗುರಾಣಿಯೊಡನೆ ಕತ್ತಿ ಹಿಡಿದವನು ಬಿಡಿಸಲೇಬೇಕಾದ ಮೂರು ಸಮಸ್ಯೆಗಳನ್ನು ಅದು ಬೇರಾವ ಹಳೆಯ ಆಕರಕ್ಕಿಂತಲೂ ಸ್ಪಷ್ಟವಾಗಿ ಮುಂದಿಡುತ್ತದೆ: ಚಾಚಿದ ಕೈಯನ್ನು ಕಾಯುವುದು, ಏಟಿನ ದಾರಿಯನ್ನು ಮೊದಲೇ ಮುಚ್ಚುವುದು, ತಾಗಿದ ಒತ್ತಡವನ್ನು ತಿಳಿದು ಮುಂದಿನ ನಡೆ ಆರಿಸುವುದು. ಪುನಾರಚನೆ ಮಾಡುವವರು ಪ್ರತಿ ವರಸೆಯನ್ನೂ ಈ ಮೂರರ ಮುಂದೆ ನಿಲ್ಲಿಸಿ ಕೇಳಬೇಕು. ಉತ್ತರ ಕೊಡುವ ವರಸೆಯನ್ನು ಗುರಾಣಿಯ ಅಳತೆಗೆ ತಿದ್ದಿ ಉಳಿಸಿಕೊಳ್ಳಬೇಕು, ಕೊಡದ್ದನ್ನು ಚಿತ್ರ ಎಷ್ಟೇ ಸುಂದರವಾಗಿದ್ದರೂ ಬಿಡಬೇಕು. ಹಾಗೆ ಮಾಡಿದರೆ ಸಿಗುವುದು ವೈಕಿಂಗರ ಕತ್ತಿವರಸೆಯ ಪುರಾವೆಯಲ್ಲ, ಗೋಕ್‌ಸ್ಟಾಡ್ ಹಲಗೆಗಳ ಮೇಲೆ ಪರೀಕ್ಷಿಸಬಹುದಾದ ಒಂದು ಪ್ರಾಮಾಣಿಕ ಊಹೆ. ಈ ಕ್ಷೇತ್ರಕ್ಕೆ ಈಗ ಬೇಕಾಗಿರುವುದೂ ಅಂಥ ಊಹೆಗಳೇ.