ಬೈಗುಳಕ್ಕೂ ಚರಿತ್ರೆಯಿದೆ

ನಮ್ಮ ಜನರನ್ನು ಹೀಯಾಳಿಸಿದ ಮಾತುಗಳು ವಿಶ್ವಕೋಶದಲ್ಲಿ ಇರಬೇಕೆ, ಬೇಡವೆ? ಯಾರು ಬೇಕಾದರೂ ಬರೆಯಬಹುದಾದ ವಿಕಿಪೀಡಿಯ 2001ರಲ್ಲಿ ಇಂಟರ್‌ನೆಟ್ಟಿನಲ್ಲಿ ಶುರುವಾದ ಮೇಲೆ ಈ ಪ್ರಶ್ನೆ ಪಂಡಿತರ ಕೋಣೆಯಿಂದ ಬೀದಿಗೆ ಬಂದಿದೆ. 'ಕೆಟ್ಟ ಮಾತು ಯಾಕ್ರೀ ಬೇಕು, ಅಳಿಸಿಬಿಡಿ' ಅನ್ನುವ ಸಜ್ಜನರಿದ್ದಾರೆ. ಅವರ ಕೈಗೆ ರಬ್ಬರು ಕೊಡುವ ಮೊದಲು ಎರಡು ಪದಗಳ ಚರಿತ್ರೆ ನೋಡೋಣ.

ಮೊದಲನೆಯದು 'ಹರಿಜನ'. ಕಿವಿಗೆ ಇಂಪಾದ ಪದ. ಗಾಂಧೀಜಿ 1933ರಲ್ಲಿ ಇದೇ ಹೆಸರಿನ ಪತ್ರಿಕೆ ಹೊರಡಿಸಿದರು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೆ ಸೇರಿಸ ಹೊರಟಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ಪ್ರತಿಭಟಿಸಿ ಎದ್ದು ಹೊರನಡೆದರು. ಆ ಪದ ಬಳಸಬೇಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದದ್ದು 1982ರಲ್ಲಿ. ನಡುವೆ 44 ವರ್ಷ! ಕೆಟ್ಟ ಮಾತು ಹುಡುಕುವ ರಬ್ಬರಿಗೆ ಈ ಸವಿಮಾತು ಸಿಕ್ಕುತ್ತಿತ್ತೆ?

ಎರಡನೆಯದು 'ಹೊಲೆಯ'. ಹೊಲೆ ಅಂದರೆ ಮೈಲಿಗೆ, ಅದರಿಂದ ಬಂತು ಅಂತ ಒಬ್ಬರು. ಅಲ್ಲ, ಹೊಲದಿಂದ ಬಂತು, ಇವರು ನೆಲದ ಮಕ್ಕಳು ಅಂತ ಇನ್ನೊಬ್ಬರು. ಊರ ಯಜಮಾನನ ಬಾಯಲ್ಲಿ ಮಾತ್ರ ಅದು ಉಗುಳು. 1975ರಲ್ಲಿ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟಾಗ ಅದೇ ಮಾತು ತಲೆಯೆತ್ತಿ ನಿಂತಿತು. ರಬ್ಬರು ಉಜ್ಜಿದರೆ ಯಜಮಾನನ ಉಗುಳಿನ ಜೊತೆ ಈ ಹಾಡೂ ಹೋಗುತ್ತದೆ.

ಅಂದರೆ ವಿಷ ಅಕ್ಷರದಲ್ಲಿಲ್ಲ. ಯಾರು, ಯಾರಿಗೆ, ಯಾಕೆ ಅಂದರು ಅನ್ನೋದರಲ್ಲಿದೆ. ದೌರ್ಜನ್ಯ ತಡೆ ಕಾಯಿದೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ 'ಚಮಾರ್' ಪದದ ಬಗ್ಗೆ ಹೇಳಿದ್ದೂ ಇದನ್ನೇ. ಪದದ ಮೂಲಾರ್ಥವನ್ನಲ್ಲ, ಜನರ ಬಳಕೆಯಲ್ಲಿ ಅದು ಪಡೆದ ಅರ್ಥವನ್ನು ನೋಡಬೇಕು. ಹೀಯಾಳಿಸಲೆಂದೇ ಅಂದರೆ ಅದು ಅಪರಾಧ.

ಹಾಗಾದರೆ ಬರೆಯುವುದು ಹೇಗೆ? ಇದಕ್ಕೆ ಅಮೆರಿಕದ ಕಪ್ಪು ಜನ ಒಂದು ದಾರಿ ತೋರಿಸಿದ್ದಾರೆ. ಅಲ್ಲಿನ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅವರನ್ನು ಬೈಯುವ ಮಾತಿಗೆ ಮೊದಲು 'ಕಪ್ಪು ಮನುಷ್ಯ' ಅಂತ ಅರ್ಥ ಕೊಟ್ಟು, ಅದು ಅವಮಾನದ ಮಾತು ಅನ್ನುವುದನ್ನು ಆಮೇಲೆ ಸೇರಿಸಿತ್ತು. 1997ರಲ್ಲಿ ಅವರು ಸಿಡಿದೆದ್ದರು. ಬೈಗುಳದ ಅರ್ಥ ನಾವೇನು? ಕಂಪನಿ ಪದವನ್ನು ಕಿತ್ತುಹಾಕಲಿಲ್ಲ. ಎಚ್ಚರಿಕೆಯನ್ನು ಮುಂದಕ್ಕೆ ತರಲು ಒಪ್ಪಿತು.

ನಮಗೂ ಇದೇ ಪಾಠ. ಪದ ಇರಲಿ. ಅದರ ಪಕ್ಕದಲ್ಲಿ ಬೈದವರು ಯಾರು, ಬೈಸಿಕೊಂಡವರು ಯಾರು, ಎದುರು ನಿಂತವರು ಯಾವಾಗ ನಿಂತರು ಎಂಬುದೂ ಇರಲಿ. ಬೈಗುಳ ಅಳಿಸಿದರೆ ಜಾತಿ ಅಳಿಯುವುದಿಲ್ಲ, ಸಾಕ್ಷಿ ಅಳಿಯುತ್ತದೆ. ಮೇಷ್ಟರೇ, ವಿದ್ಯಾರ್ಥಿ ಗೆಳೆಯರೇ, ಕನ್ನಡದ ವಿಕಿಪೀಡಿಯ 2003ರಿಂದ ಇದೆ. ಅದನ್ನು ಬರೆಯುವ ಕೈ ಕೇರಿಯದೂ ಆಗಲಿ.