ಕ್ಲಬ್ ಯಾರದು? ವಿಂಬಲ್ಡನ್ ಫುಟ್‌ಬಾಲ್‌ನ ಕಥೆ

1/9
ವಿಂಬಲ್ಡನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಟೆನಿಸ್. ಹಸಿರು ಹುಲ್ಲು, ಬಿಳಿ ಬಟ್ಟೆ, ಫೆಡರರ್. ಆದರೆ ನೈಋತ್ಯ ಲಂಡನ್ನಿನ ಅದೇ ಊರಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬೂ ಇದೆ. ಈ ಸೀರೀಸ್ ಅದರ ಬಗ್ಗೆ.

ಯಾಕೆ ಈ ಕ್ಲಬ್? ಹೋದ ವಾರ ನಮ್ಮ ಕ್ಲಾಸ್‌ನವನೊಬ್ಬ ಕೇಳಿದ: "ಪ್ಲೇಯರ್ಸ್ ಬದಲಾಗ್ತಾರೆ, ಕೋಚ್ ಬದಲಾಗ್ತಾನೆ, ಓನರ್ ಬದಲಾಗ್ತಾನೆ, ಸ್ಟೇಡಿಯಂ ಕೂಡ ಬದಲಾಗುತ್ತೆ. ಹಂಗಾದ್ರೆ ನೀನು ಸಪೋರ್ಟ್ ಮಾಡ್ತಿರೋದು ಏನನ್ನ?" ನಾನು ನಕ್ಕು ಸುಮ್ಮನಾದೆ. ನಿಜ ಹೇಳ್ಬೇಕಂದ್ರೆ ಉತ್ತರ ಇರಲಿಲ್ಲ.

ಇದೇ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಪರಿಸ್ಥಿತಿ ಒಂದು ಊರಿನ ಜನಕ್ಕೆ 2002ರಲ್ಲಿ ಬಂತು. ಅವರು ಕೊಟ್ಟ ಉತ್ತರ ನೋಡೋಣ. ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಕೂತ್ಕೊಳ್ಳಿ. 👇

2/9
ಶುರು ಮಾಡಿದ್ದು ಶಾಲೆ ಮುಗಿಸಿದ ಹುಡುಗರು. 1889ರಲ್ಲಿ ಅಲ್ಲಿನ ಸೆಂಟ್ರಲ್ ಸ್ಕೂಲ್‌ನ ಹಳೆ ವಿದ್ಯಾರ್ಥಿಗಳು ಸೇರಿ 'ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್' ಅಂತ ಟೀಮ್ ಕಟ್ಟಿದರು. ಆಡುತ್ತಿದ್ದದ್ದು ವಿಂಬಲ್ಡನ್ ಕಾಮನ್ ಅನ್ನೋ ದೊಡ್ಡ ಬಯಲಿನಲ್ಲಿ. ಬಟ್ಟೆ ಬದಲಿಸೋಕೆ ಡ್ರೆಸ್ಸಿಂಗ್ ರೂಮ್ ಎಲ್ಲಿಂದ ಬರಬೇಕು? ಪಕ್ಕದಲ್ಲೇ ಇದ್ದ 'ಫಾಕ್ಸ್ ಅಂಡ್ ಗ್ರೇಪ್ಸ್' ಅನ್ನೋ ಪಬ್ಬೇ ಅವರ ಅಡ್ಡಾ. ಈ ಪಬ್ಬಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1912ರಲ್ಲಿ ಪ್ಲಾವ್ ಲೇನ್ ಅನ್ನೋ ರಸ್ತೆಯಲ್ಲಿ ಸ್ವಂತ ಮೈದಾನ ಸಿಕ್ಕಿತು. ಮುಂದೆ ಎಷ್ಟೋ ವರ್ಷ ಇದು ಹವ್ಯಾಸಿಗಳ ಕ್ಲಬ್. 1963ರಲ್ಲಿ ಸಟನ್ ಯುನೈಟೆಡ್ ವಿರುದ್ಧ 4-2ರಿಂದ ಗೆದ್ದು ಎಫ್‌ಎ ಅಮೆಚೂರ್ ಕಪ್ ಎತ್ತಿದರು. ನಾಲ್ಕೂ ಗೋಲು ಎಡ್ಡಿ ರೆನಾಲ್ಡ್ಸ್ ಒಬ್ಬರದೇ, ನಾಲ್ಕೂ ತಲೆಯಿಂದ ಹೊಡೆದದ್ದು!

1975ರಲ್ಲಿ ಇದೇ ಪುಟ್ಟ ಕ್ಲಬ್ ಎಫ್‌ಎ ಕಪ್‌ನಲ್ಲಿ ಆಗಿನ ಇಂಗ್ಲೆಂಡ್ ಚಾಂಪಿಯನ್ ಲೀಡ್ಸ್ ಯುನೈಟೆಡ್ ತಂಡವನ್ನು ಅವರದೇ ಮೈದಾನದಲ್ಲಿ 0-0ಕ್ಕೆ ನಿಲ್ಲಿಸಿತು. ಗೋಲ್‌ಕೀಪರ್ ಡಿಕ್ಕಿ ಗೈ ಪೆನಾಲ್ಟಿ ಹಿಡಿದರು. ಎರಡು ವರ್ಷ ಬಿಟ್ಟು, 1977ರಲ್ಲಿ, ಕ್ಲಬ್ ಫುಟ್‌ಬಾಲ್ ಲೀಗ್‌ಗೆ ಸೇರಿತು.

3/9
ಆಮೇಲೆ ನಡೆದದ್ದನ್ನ ಸಿನಿಮಾದಲ್ಲಿ ತೋರಿಸಿದ್ರೆ "ಇದೆಲ್ಲ ಆಗೋ ಮಾತಾ" ಅಂತೀವಿ. ನಾಲ್ಕನೇ ಡಿವಿಷನ್‌ನಿಂದ ಮೊದಲನೇ ಡಿವಿಷನ್‌ಗೆ ಬರೋಕೆ ಅವರು ತಗೊಂಡದ್ದು ಒಂಬತ್ತೇ ವರ್ಷ. 1986ರಲ್ಲಿ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಪಕ್ಕದಲ್ಲೇ ಇವರ ಹೆಸರು.

ಆಟ ಚೆಂದ ಇರಲಿಲ್ಲ, ಒಪ್ಕೋತೀನಿ. ಚೆಂಡನ್ನ ಎತ್ತರಕ್ಕೆ ಒದೆಯೋದು, ಹಿಂದೆ ಓಡೋದು, ಎದುರಾಳಿಗೆ ಉಸಿರಾಡೋಕೆ ಬಿಡದಿರೋದು. ಡ್ರೆಸ್ಸಿಂಗ್ ರೂಮಲ್ಲಿ ಒಬ್ಬರಿಗೊಬ್ಬರು ಮಾಡ್ತಿದ್ದ ತರಲೆಗಳಿಗೆ ಲೆಕ್ಕ ಇಲ್ಲ. ಅದಕ್ಕೇ ಅವರಿಗೆ 'ಕ್ರೇಜಿ ಗ್ಯಾಂಗ್' ಅಂತ ಹೆಸರು. ಆ ಗ್ಯಾಂಗಿನ ವಿನ್ನಿ ಜೋನ್ಸ್ ಅದಕ್ಕೂ ಮೊದಲು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದವರು. ಆಮೇಲೆ ಹಾಲಿವುಡ್ ನಟರಾದರು.

1988ರ ಮೇ 14. ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಲಿವರ್‌ಪೂಲ್. ಲಾರಿ ಸ್ಯಾಂಚೆಜ್ ತಲೆಯಿಂದ ಒಂದು ಗೋಲು. ಎರಡನೇ ಅರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ. ಜಾನ್ ಆಲ್ಡ್ರಿಜ್ ಒದ್ದರು, ಡೇವ್ ಬೀಸಂಟ್ ಎಡಕ್ಕೆ ಹಾರಿ ತಳ್ಳಿದರು. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದ ಮೊದಲ ಗೋಲ್‌ಕೀಪರ್ ಅವರೇ. ಸ್ಕೋರ್ 1-0. ಲೀಗ್ ಸೇರಿ ಬರೀ 11 ವರ್ಷ ಆಗಿದ್ದ ಕ್ಲಬ್ ಕೈಯಲ್ಲಿ ಕಪ್!

4/9
ಇಲ್ಲಿಂದ ಕಥೆ ತಿರುಗುತ್ತೆ.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಮುಂದಿನ ವರ್ಷ ಬಂದ ಟೇಲರ್ ವರದಿ ಹೇಳಿದ್ದು: ದೊಡ್ಡ ಕ್ಲಬ್‌ಗಳ ಮೈದಾನದಲ್ಲಿ ನಿಂತು ನೋಡೋ ಜಾಗ ಇರಬಾರದು, ಎಲ್ಲರಿಗೂ ಸೀಟು ಇರಬೇಕು. ಅಷ್ಟು ಜನ ಸತ್ತ ಮೇಲೆ ಇದು ಬೇಕಾಗಿದ್ದ ಬದಲಾವಣೆಯೇ. ಆದರೆ ಪ್ಲಾವ್ ಲೇನ್ ಹಳೆಯ ಕಾಲದ ಚಿಕ್ಕ ಮೈದಾನ. ಹೊಸ ನಿಯಮಕ್ಕೆ ಹೊಂದಿಸೋದು ಸುಲಭ ಇರಲಿಲ್ಲ.

1991ರಲ್ಲಿ ಕ್ಲಬ್ "ಸ್ವಲ್ಪ ದಿನದ ಮಟ್ಟಿಗೆ" ಅಂತ ಕ್ರಿಸ್ಟಲ್ ಪ್ಯಾಲೆಸ್‌ನ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ಬಾಡಿಗೆ ಮನೆಯಿಂದ ವಾಪಸ್ ಬರಲೇ ಇಲ್ಲ. ಪ್ಲಾವ್ ಲೇನ್ ಒಂದು ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟವಾಯಿತು. ಮುಂದೆ ಆ ಜಾಗದಲ್ಲಿ ಎದ್ದದ್ದು ಅಪಾರ್ಟ್‌ಮೆಂಟುಗಳು. ಅವುಗಳಿಗೆ ಹಳೆಯ ಆಟಗಾರರ, ಮ್ಯಾನೇಜರ್‌ಗಳ ಹೆಸರಿಟ್ಟಿದ್ದಾರೆ. ಮೈದಾನ ಹೋಯ್ತು, ಹೆಸರು ಗೋಡೆ ಮೇಲೆ ಉಳೀತು.

1990ರ ದಶಕದಲ್ಲಿ ಒಮ್ಮೆ ಕ್ಲಬ್ಬನ್ನ ಐರ್ಲೆಂಡಿನ ಡಬ್ಲಿನ್‌ಗೇ ಒಯ್ಯೋ ಮಾತು ನಡೆದಿತ್ತು. ಬೇರೆ ದೇಶಕ್ಕೆ, ಯೋಚನೆ ಮಾಡಿ! ಅಭಿಮಾನಿಗಳು ಬೀದಿಗಿಳಿದರು, ಅದು ನಿಂತಿತು. 2000ದಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದರು. ಸ್ವಂತ ಮೈದಾನವಿಲ್ಲ, ಟಿವಿ ದುಡ್ಡು ಇಲ್ಲ, ನಷ್ಟ ಮಾತ್ರ ಇದೆ.

5/9
2001ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಆಡಳಿತ ಹೇಳಿತು: ನಾವು ಮಿಲ್ಟನ್ ಕೀನ್ಸ್‌ಗೆ ಹೋಗ್ತೀವಿ.

ಮಿಲ್ಟನ್ ಕೀನ್ಸ್ ಅಂದ್ರೆ ಸುಮಾರು 90 ಕಿಲೋಮೀಟರ್ ದೂರದ ಊರು. 1967ರಲ್ಲಿ ಸರ್ಕಾರ ಯೋಜನೆ ಹಾಕಿ ಕಟ್ಟೋಕೆ ಶುರು ಮಾಡಿದ ಹೊಸ ಪಟ್ಟಣ. ಜನ ಇದ್ದರು, ಜಾಗ ಇತ್ತು, ಲೀಗ್ ಕ್ಲಬ್ ಮಾತ್ರ ಇರಲಿಲ್ಲ. ಅಲ್ಲಿ ಸ್ಟೇಡಿಯಂ ಕಟ್ಟಬೇಕು ಅಂದವರಿಗೆ ಒಂದು ತಂಡ ಬೇಕಿತ್ತು, ವಿಂಬಲ್ಡನ್ ತಂಡಕ್ಕೆ ಒಂದು ಸ್ಟೇಡಿಯಂ ಬೇಕಿತ್ತು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆ ಲೆಕ್ಕದಲ್ಲಿ ಎಲ್ಲೂ ಇಲ್ಲದಿದ್ದವರು ಅಭಿಮಾನಿಗಳು.

ಫುಟ್‌ಬಾಲ್ ಲೀಗ್ ಮೊದಲು ಬೇಡ ಅಂದಿತು. ವಾದ ಮುಂದುವರೆದು ಕೊನೆಗೆ ಮೂವರ ಸ್ವತಂತ್ರ ಸಮಿತಿಯ ಮುಂದೆ ಬಂತು. 2002ರ ಮೇ 28ರಂದು ತೀರ್ಪು ಬಂತು. 2-1. ಹೋಗಬಹುದು.

ಹಾಗಾದರೆ ಅಭಿಮಾನಿಗಳು ಊರಲ್ಲೇ ಹೊಸದಾಗಿ ಒಂದು ಕ್ಲಬ್ ಕಟ್ಟಿಕೊಳ್ಳಲಿ ಅಂದ್ರೆ? ಅದು ಫುಟ್‌ಬಾಲ್‌ನ ವಿಶಾಲ ಹಿತಾಸಕ್ತಿಗೆ ಒಳ್ಳೆಯದಲ್ಲ ಅನ್ನೋ ಅರ್ಥದ ಮಾತು ಆ ಸಮಿತಿಯ ವರದಿಯಲ್ಲೇ ಇತ್ತು. ಅಭಿಮಾನಿಗಳು ಆ ವಾಕ್ಯವನ್ನ ಮರೆಯಲಿಲ್ಲ. ಸ್ಕಾರ್ಫ್ ಮೇಲೆ ಹಾಕ್ಕೊಂಡು ತಿರುಗಿದರು.

ನಮ್ಮಲ್ಲಿ ಐಪಿಎಲ್ ನೋಡಿ ಬೆಳೆದವರಿಗೆ 'ಫ್ರಾಂಚೈಸಿ' ಅನ್ನೋದು ಮಾಮೂಲಿ ಪದ. ಇಂಗ್ಲೆಂಡಿನ ಫುಟ್‌ಬಾಲ್ ಜನಕ್ಕೆ ಅದು ಬೈಗುಳ. ಬೈಗುಳ ಆಗಿದ್ದು ಈ ಘಟನೆಯಿಂದಲೇ.

6/9
ತೀರ್ಪು ಬಂದ ಬೆನ್ನಲ್ಲೇ, ಅಭಿಮಾನಿಗಳು ಒಂದು ಪಬ್ಬಲ್ಲಿ ಸೇರಿದರು. ಯಾವ ಪಬ್? ಹೌದು, ಅದೇ ಫಾಕ್ಸ್ ಅಂಡ್ ಗ್ರೇಪ್ಸ್. 1889ರ ಹುಡುಗರು ಬಟ್ಟೆ ಬದಲಿಸುತ್ತಿದ್ದ ಜಾಗ. ಅಲ್ಲಿ ಹುಟ್ಟಿದ್ದು 'ಎಎಫ್‌ಸಿ ವಿಂಬಲ್ಡನ್'.

ಕ್ಲಬ್ ಹುಟ್ಟಿತು, ಆದರೆ ಆಟಗಾರರೇ ಇಲ್ಲ! ಜೂನ್ 29ರಂದು ವಿಂಬಲ್ಡನ್ ಕಾಮನ್ ಬಯಲಲ್ಲಿ ಓಪನ್ ಟ್ರಯಲ್ಸ್ ಇಟ್ಟರು. ಯಾರು ಬೇಕಾದ್ರೂ ಬರಬಹುದು. 230 ಜನ ಬಂದರು. ಜುಲೈ 10ಕ್ಕೆ ಮೊದಲ ಪಂದ್ಯ, ಸಟನ್ ಯುನೈಟೆಡ್ ವಿರುದ್ಧ. 4-0ಯಿಂದ ಸೋತರು. ಆದರೆ ನೋಡೋಕೆ ಬಂದವರು 4,657 ಜನ. ಮ್ಯಾಚ್ ಮುಗಿದಾಗ ಜನ ಮೈದಾನಕ್ಕೆ ನುಗ್ಗಿ ಕುಣಿದರು. ಸೋತ ಪಂದ್ಯಕ್ಕೆ!

ಆಡೋಕೆ ಸಿಕ್ಕಿದ್ದು ಕಂಬೈನ್ಡ್ ಕೌಂಟೀಸ್ ಲೀಗ್. ಹಗಲು ಬೇರೆ ಕೆಲಸ ಮಾಡೋರು, ವಾರದ ಕೊನೆಗೆ ಆಡೋರು ಇರೋ ಮಟ್ಟ. ಮೈದಾನ ಪಕ್ಕದ ಕಿಂಗ್‌ಸ್ಟನ್‌ನ ಕಿಂಗ್ಸ್‌ಮೆಡೊ. ಅದೇ ಸೀಸನ್‌ನಲ್ಲಿ ಇನ್ನೂ ಸೆಲ್‌ಹರ್ಸ್ಟ್‌ನಲ್ಲೇ ಇದ್ದ ಹಳೆ ಕ್ಲಬ್ಬಿನ ಒಂದು ಪಂದ್ಯಕ್ಕೆ ಬಂದವರು 849 ಜನ. ಅಷ್ಟೊಂದು ಮೆಟ್ಟಿಲು ಕೆಳಗಿದ್ದ ಹೊಸ ಕ್ಲಬ್ಬಿಗೆ ಸರಾಸರಿ 3,000 ಜನ ಬರ್ತಿದ್ದರು.

ಕ್ಲಾಸ್‌ಮೇಟ್ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಲೀಗಿನ ಜಾಗ, ಆಟಗಾರರ ಕರಾರು, ನೋಂದಣಿ ಸಂಖ್ಯೆ, ಎಲ್ಲ ಮಿಲ್ಟನ್ ಕೀನ್ಸ್ ಕಡೆ ಹೊರಟಿತ್ತು. ಜನ ಹೊರಡಲಿಲ್ಲ.

7/9
ಆಮೇಲೆ ಮೆಟ್ಟಿಲು ಹತ್ತೋ ಕೆಲಸ. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗ್‌ನಲ್ಲಿ ಸತತ 78 ಪಂದ್ಯ ಸೋಲಲಿಲ್ಲ. ಇಂಗ್ಲೆಂಡಿನ ಸೀನಿಯರ್ ಫುಟ್‌ಬಾಲ್‌ನಲ್ಲಿ ಇದು ದಾಖಲೆ. 2011ರ ಮೇ 21ರಂದು ಮ್ಯಾಂಚೆಸ್ಟರ್‌ನಲ್ಲಿ ಲೂಟನ್ ಟೌನ್ ವಿರುದ್ಧ ಪ್ಲೇಆಫ್ ಫೈನಲ್. 0-0, ಪೆನಾಲ್ಟಿ ಶೂಟೌಟ್. ಕೊನೆಯ ಒದೆತ ಕ್ಯಾಪ್ಟನ್ ಡ್ಯಾನಿ ಕೆಡ್ವೆಲ್‌ದು. ಗೋಲ್! ಒಂಬತ್ತು ವರ್ಷದಲ್ಲಿ ಐದು ಪ್ರಮೋಷನ್, ಬಯಲಿನ ಟ್ರಯಲ್ಸ್‌ನಿಂದ ಫುಟ್‌ಬಾಲ್ ಲೀಗ್‌ಗೆ. ಆಗ ಕ್ಲಬ್ ಪ್ರೆಸಿಡೆಂಟ್ ಯಾರು ಗೊತ್ತಾ? 1975ರಲ್ಲಿ ಲೀಡ್ಸ್ ಪೆನಾಲ್ಟಿ ಹಿಡಿದ ಡಿಕ್ಕಿ ಗೈ.

ಇಲ್ಲಿ ಇನ್ನೊಂದು ಕಡೆಯವರ ಮಾತೂ ಹೇಳದಿದ್ರೆ ಅನ್ಯಾಯ. ಹಳೆ ಕ್ಲಬ್ 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋಗಿ, 2004ರಲ್ಲಿ 'ಎಂಕೆ ಡಾನ್ಸ್' ಆಯಿತು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಅದೇ ಊರಿನ ತಂಡ. ಡೆಲೆ ಆಲಿ ಅಲ್ಲಿನ ಹುಡುಗನೇ. 2014ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನ 4-0ಯಿಂದ ಸೋಲಿಸಿದ ದಿನ ಸ್ಟ್ಯಾಂಡಿನಲ್ಲಿ ಕುಣಿದ ಏಳು ವರ್ಷದ ಮಗು ಏನು ತಪ್ಪು ಮಾಡಿತ್ತು ಹೇಳಿ? ತೀರ್ಪು ಕೊಟ್ಟದ್ದು ಆ ಮಗು ಅಲ್ಲವಲ್ಲ.

2007ರಲ್ಲಿ ಎಂಕೆ ಡಾನ್ಸ್ 1988ರ ಕಪ್ಪಿನ ಪ್ರತಿಕೃತಿಯೂ ಸೇರಿದಂತೆ ಹಳೆಯ ಗೌರವಗಳನ್ನೆಲ್ಲ ವಿಂಬಲ್ಡನ್ ಇರುವ ಮರ್ಟನ್ ಕೌನ್ಸಿಲ್‌ಗೆ ಒಪ್ಪಿಸಿತು. ಇತಿಹಾಸ ಮನೆಗೆ ಬಂತು.

8/9
ಇತಿಹಾಸ ಬಂದರೆ ಸಾಕಾ? ಮೈದಾನವೂ ಬೇಕು.

ಹಳೆಯ ಜಾಗದಿಂದ ಕೂಗಿದರೆ ಕೇಳಿಸೋ ಅಷ್ಟು ದೂರದಲ್ಲಿ, ಅದೇ ಪ್ಲಾವ್ ಲೇನ್‌ನಲ್ಲಿ, ನಾಯಿ ರೇಸ್ ನಡೆಯುತ್ತಿದ್ದ ಒಂದು ಸ್ಟೇಡಿಯಂ ಇತ್ತು. ಅಲ್ಲಿ ಹೊಸದು ಕಟ್ಟೋಕೆ 2015ರ ಕೊನೆಗೆ ಕೌನ್ಸಿಲ್ ಒಪ್ಪಿತು. ದುಡ್ಡು ಹೊಂದಿಸೋಕೆ ಕಿಂಗ್ಸ್‌ಮೆಡೊವನ್ನ ಚೆಲ್ಸಿಗೆ ಮಾರಿದರು. ಆಮೇಲೆ ಅಲ್ಲಿ ಚೆಲ್ಸಿ ಮಹಿಳಾ ತಂಡ ಆಡೋಕೆ ಶುರು ಮಾಡಿತು.

ಆದರೆ ಕಿಂಗ್ಸ್‌ಮೆಡೊ ಮೊದಲು ಯಾರ ಮನೆ ಆಗಿತ್ತು? ಕಿಂಗ್‌ಸ್ಟೋನಿಯನ್ ಅನ್ನೋ ಇನ್ನೊಂದು ಪುಟ್ಟ ಕ್ಲಬ್‌ದು. 2017ರಲ್ಲಿ ಅವರು ಅಲ್ಲಿಂದ ಹೊರಟು ಬೇರೆಯವರ ಮೈದಾನಗಳಲ್ಲಿ ಬಾಡಿಗೆಗೆ ಆಡಬೇಕಾಯಿತು. ಮನೆ ಕಳೆದುಕೊಂಡವರು ಮನೆಗೆ ಮರಳೋ ದಾರಿಯಲ್ಲಿ ಇನ್ನೊಬ್ಬರ ಮನೆ ಹೋಯಿತು. ಈ ಕಥೆ ಹೇಳೋ ಬಹಳ ಜನ ಈ ಸಾಲನ್ನ ಬಿಟ್ಟುಬಿಡ್ತಾರೆ. ಬಿಡಬಾರದು ಅನ್ನಿಸಿತು.

ಸ್ಟೇಡಿಯಂ ಅರ್ಧ ಕಟ್ಟಿದಾಗ ದುಡ್ಡು ಸಾಲಲಿಲ್ಲ. ಹೊರಗಿನ ಶ್ರೀಮಂತರಿಗೆ ಹಿಡಿತ ಬಿಟ್ಟುಕೊಟ್ಟಿದ್ರೆ ಕೆಲಸ ಸಲೀಸಾಗ್ತಿತ್ತು. ಆದರೆ ಕ್ಲಬ್ಬಿನ ಬಹುಪಾಲು ಇರೋದು 'ಡಾನ್ಸ್ ಟ್ರಸ್ಟ್' ಅನ್ನೋ ಅಭಿಮಾನಿಗಳ ಸಂಘದ ಕೈಯಲ್ಲಿ. ಅಲ್ಲಿ ಒಬ್ಬರಿಗೆ ಒಂದೇ ವೋಟು, ಎಷ್ಟೇ ದುಡ್ಡಿರಲಿ. ಅವರು ಬಾಂಡ್ ಹೊರಡಿಸಿ ತಮ್ಮವರ ಹತ್ತಿರವೇ ಸಾಲ ಕೇಳಿದರು. 50 ಲಕ್ಷ ಪೌಂಡ್‌ಗೂ ಹೆಚ್ಚು ಬಂತು.

2020ರ ನವೆಂಬರ್ 3. 29 ವರ್ಷದ ಮೇಲೆ ಪ್ಲಾವ್ ಲೇನ್‌ನಲ್ಲಿ ಪಂದ್ಯ. ಡಾನ್‌ಕಾಸ್ಟರ್ ವಿರುದ್ಧ 2-2. ಮೊದಲ ಗೋಲು ಜೋ ಪಿಗಟ್‌ದು. ಆದರೆ ಕೋವಿಡ್ ಕಾಲ, ಸ್ಟ್ಯಾಂಡ್ ಪೂರ್ತಿ ಖಾಲಿ! ಸಾಲ ಕೊಟ್ಟು ಕಟ್ಟಿದ ಮನೆಯ ಗೃಹಪ್ರವೇಶವನ್ನ ಅವರು ಮನೇಲಿ ಕೂತು ಸ್ಕ್ರೀನ್ ಮೇಲೆ ನೋಡಿದರು.

ಅದೇ ವರ್ಷ ಲಾಕ್‌ಡೌನ್ ಹೊತ್ತಲ್ಲಿ ಈ ಅಭಿಮಾನಿಗಳು ಸೇರಿ ಊರಿನ ಕಷ್ಟದಲ್ಲಿದ್ದ ಮನೆಗಳಿಗೆ ದಿನಸಿ ತಲುಪಿಸೋ ಕೆಲಸ ಶುರು ಮಾಡಿದ್ದರು. ಮ್ಯಾಚ್ ಇಲ್ಲ, ಆದರೆ ಕ್ಲಬ್ ಇತ್ತು.

9/9
ಈಗ? ಸುಮಾರು 9,000 ಜನ ಹಿಡಿಯೋ ಸ್ಟೇಡಿಯಂ, ಇನ್ನೂ ಅಭಿಮಾನಿಗಳ ಹಿಡಿತದಲ್ಲೇ ಇರೋ ಕ್ಲಬ್. ಕಷ್ಟ ಮುಗಿದಿಲ್ಲ. 2022ರಲ್ಲಿ ಲೀಗ್ ಟೂಗೆ ಜಾರಿದರು. 2024ರ ಸೆಪ್ಟೆಂಬರ್‌ನಲ್ಲಿ ಪಕ್ಕದ ವಾಂಡಲ್ ನದಿ ಉಕ್ಕಿ ಮೈದಾನದಲ್ಲಿ ದೊಡ್ಡ ಗುಂಡಿಯೇ ಬಿತ್ತು. ನ್ಯೂಕಾಸಲ್ ವಿರುದ್ಧದ ಕಪ್ ಪಂದ್ಯವನ್ನ ನ್ಯೂಕಾಸಲ್‌ಗೇ ಹೋಗಿ ಆಡಬೇಕಾಯಿತು. ಅದೇ ಸೀಸನ್ ಕೊನೆಗೆ, 2025ರ ಮೇ 26ರಂದು, ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನ 1-0ಯಿಂದ ಸೋಲಿಸಿ ಲೀಗ್ ಒನ್‌ಗೆ ಮರಳಿದರು. 2025-26ರ ಸೀಸನ್ ಶುರುವಾದಾಗ ಎಂಕೆ ಡಾನ್ಸ್ ಇದ್ದದ್ದು ಇವರಿಗಿಂತ ಒಂದು ಮೆಟ್ಟಿಲು ಕೆಳಗೆ.

ಅಭಿಮಾನಿಗಳ ಕ್ಲಬ್ ಅಂದ್ರೆ ಎಲ್ಲ ಸುಖ ಅಂತಲ್ಲ. ದೊಡ್ಡ ಸ್ಟ್ರೈಕರ್ ಕೊಳ್ಳೋಕಾಗಲ್ಲ, ಚೆನ್ನಾಗಿ ಆಡಿದವನನ್ನ ಉಳಿಸ್ಕೊಳ್ಳೋದೂ ಕಷ್ಟ. ಪ್ರೀಮಿಯರ್ ಲೀಗ್ ದೂರದ ಬೆಟ್ಟ. ಆದರೆ ರಾತ್ರೋರಾತ್ರಿ ಯಾರೋ ಬಂದು ಎತ್ಕೊಂಡು ಹೋಗೋಕೂ ಆಗಲ್ಲ.

ಹಾಗಾಗಿ ಕ್ಲಾಸ್‌ಮೇಟೇ, ತಡವಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ: ಹೆಸರು, ಲೋಗೋ, ಮೈದಾನ, ಲೀಗಿನ ಜಾಗ, ಇವೆಲ್ಲ ಮಾರಾಟಕ್ಕಿವೆ. ಮೂವರು ಕೂತು 2-1ರಲ್ಲಿ ಅದನ್ನ ತೀರ್ಮಾನ ಮಾಡಬಹುದು. ಶನಿವಾರ ಮಧ್ಯಾಹ್ನ ಪಕ್ಕದಲ್ಲಿ ಬಂದು ನಿಲ್ಲೋರನ್ನ ಯಾವ ಸಮಿತಿಯೂ ಬೇರೆ ಊರಿಗೆ ವರ್ಗ ಮಾಡೋಕಾಗಲ್ಲ. ನಾನು ಸಪೋರ್ಟ್ ಮಾಡೋದು ಅವರ ಜೊತೆ ನಿಲ್ಲೋದನ್ನ.

ನೀವೇನಂತೀರ? ಮಿಲ್ಟನ್ ಕೀನ್ಸ್‌ನ ಆ ಮಗುವಿನ ಕಡೆ ಯಾರಾದ್ರೂ ಇದ್ದೀರಾ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ, ಮರ್ಯಾದೆಯಿಂದ. ಇಷ್ಟ ಆದ್ರೆ ಸೇವ್ ಮಾಡ್ಕೊಳ್ಳಿ, ಫುಟ್‌ಬಾಲ್ ಹುಚ್ಚಿರೋ ಒಬ್ಬರಿಗೆ ಕಳಿಸಿ. 💛💙

#ಕನ್ನಡದಲ್ಲಿಫುಟ್‌ಬಾಲ್ #ವಿಂಬಲ್ಡನ್ #ಕ್ಲಬ್‌ಕಥೆ