ಊರು ಮೊದಲೋ, ಮನುಷ್ಯ ಮೊದಲೋ?

ಮೊನ್ನೆ ಪಾಠ ಮುಗಿಸಿ ಹೊರಟಾಗ ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದು ಒಂದು ಪ್ರಶ್ನೆ ಹಾಕಿದ. ಅವನಿಗೆ ಚಲನಚಿತ್ರಕ್ಕೆ ಕಥೆ ಬರೆಯುವ ಹಂಬಲ. ಅದೂ ನೋಡುವವರು ಉಸಿರು ಬಿಗಿಹಿಡಿದು ಕೂರುವಂಥ ಕುತೂಹಲದ ಕಥೆ. “ಸಾರ್, ಮೊದಲು ಪಾತ್ರವನ್ನು ಗಟ್ಟಿಮಾಡಿಕೊಳ್ಳಬೇಕೋ, ಪಾತ್ರ ಓಡಾಡುವ ಲೋಕವನ್ನು ಕಟ್ಟಿಕೊಳ್ಳಬೇಕೋ?” ಪಂಪ, ರನ್ನರ ಪಾಠ ಹೇಳಿಕೊಂಡಿರುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನೆನಪಾದದ್ದು 1949ರಲ್ಲಿ ತೆರೆಕಂಡ ‘ದಿ ಥರ್ಡ್ ಮ್ಯಾನ್’ ಎಂಬ ಇಂಗ್ಲಿಷ್ ಚಿತ್ರ. ಅದರ ಕಥೆ ಹುಟ್ಟಿದ ಬಗೆಯೇ ಆ ಹುಡುಗನಿಗೆ ಉತ್ತರವಾದೀತು.

ಬರೆದವನು ಕಾದಂಬರಿಕಾರ ಗ್ರಹಾಂ ಗ್ರೀನ್. ನಿರ್ದೇಶಕ ಕ್ಯಾರಲ್ ರೀಡ್. ಗ್ರೀನನ ಬಳಿ ಮೊದಲಿಗೆ ಇದ್ದದ್ದು ಎಂದೋ ಲಕೋಟೆಯೊಂದರ ಮೇಲೆ ಗೀಚಿಟ್ಟಿದ್ದ ಒಂದೇ ವಾಕ್ಯ. ವಾರದ ಹಿಂದೆ ಗೆಳೆಯನನ್ನು ಮಣ್ಣುಮಾಡಿ ಬಂದವನೊಬ್ಬನಿಗೆ ಅದೇ ಗೆಳೆಯ ಲಂಡನ್ನಿನ ಜನಜಂಗುಳಿಯಲ್ಲಿ, ಗುರುತು ತೋರದೆ, ಹಾದುಹೋಗುವುದು ಕಾಣುತ್ತದೆ. ಅಷ್ಟೆ. ಸತ್ತವನು ಹೇಗೆ ಬಂದ, ಏಕೆ ಬಂದ ಎಂಬುದು ಬರೆದವನಿಗೂ ತಿಳಿಯದು. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ಬಳಿ ಇದ್ದದ್ದಾದರೋ ಒಂದು ಊರು: ಮಹಾಯುದ್ಧದ ತರುವಾಯ ನಾಲ್ಕು ರಾಷ್ಟ್ರಗಳ ಕೈಗೆ ಸಿಕ್ಕ ವಿಯೆನ್ನಾ. ಒಬ್ಬನಲ್ಲಿ ಊರಿಲ್ಲದ ಮನುಷ್ಯ, ಇನ್ನೊಬ್ಬನಲ್ಲಿ ಮನುಷ್ಯನಿಲ್ಲದ ಊರು. ಇವೆರಡನ್ನೂ ಕೂಡಿಸುವ ಸಲುವಾಗಿ 1948ರ ಫೆಬ್ರವರಿಯಲ್ಲಿ ಗ್ರೀನ್ ವಿಯೆನ್ನಾಕ್ಕೆ ಹೋದ.

ಆಗಿನ ವಿಯೆನ್ನಾ ಅಮೆರಿಕ, ಬ್ರಿಟನ್, ರಷ್ಯ, ಫ್ರಾನ್ಸ್‌ಗಳ ನಾಲ್ಕು ವಲಯಗಳಾಗಿ ಹಂಚಿಹೋಗಿತ್ತು. ನಡುವಣ ಹಳೆಯ ಪಟ್ಟಣ ಮಾತ್ರ ನಾಲ್ವರಿಗೂ ಸೇರಿದ್ದು. ಅಲ್ಲಿ ತಿಂಗಳಿಗೊಬ್ಬರಂತೆ ಅಧಿಕಾರದ ಸರದಿ. ನಾಲ್ಕು ದೇಶಗಳ ನಾಲ್ವರು ಸೈನಿಕರು ಒಂದೇ ಜೀಪಿನಲ್ಲಿ ಕುಳಿತು ಗಸ್ತು ತಿರುಗುತ್ತಿದ್ದರು. ಬಾಂಬಿಗೆ ಕುಸಿದ ಮನೆಗಳು, ಕಾಳಸಂತೆ, ಕಾಗದಪತ್ರ ಸರಿಯಿಲ್ಲದೆ ಜೀವ ಕೈಯಲ್ಲಿ ಹಿಡಿದು ಬಾಳುವ ಜನ. ನೋಡಲು ಬೇಕಾದಷ್ಟಿತ್ತು, ಆದರೆ ಹೊರಡುವ ದಿನ ಹತ್ತಿರವಾದರೂ ಕಥೆ ಮಾತ್ರ ಹುಟ್ಟಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಯೊಬ್ಬ ಎರಡು ಸಂಗತಿಗಳನ್ನು ಹೇಳಿದ. ಒಂದು, ‘ನೆಲದಡಿಯ ಪೊಲೀಸರು’. ಇವರು ಗುಪ್ತ ಪೊಲೀಸರಲ್ಲ, ನಿಜವಾಗಿಯೂ ಊರಿನ ಕೆಳಗಣ ದೊಡ್ಡ ಚರಂಡಿಗಳಲ್ಲಿ ಕಾವಲು ತಿರುಗುವವರು. ನೆಲದ ಮೇಲೆ ಎಷ್ಟೇ ಗಡಿಗಳಿರಲಿ, ಚರಂಡಿಗೆ ಗಡಿಯಿಲ್ಲ. ಒಂದು ವಲಯದಲ್ಲಿ ಇಳಿದವನು ಇನ್ನೊಂದರಲ್ಲಿ ಏಳಬಹುದು. ಎರಡನೆಯದು ಪೆನಿಸಿಲಿನ್. ಅದು ಆಗ ಸೇನೆಯ ಆಸ್ಪತ್ರೆಗಳಿಗೆ ಮಾತ್ರ ದೊರೆಯುತ್ತಿತ್ತು. ಅಲ್ಲಿಂದ ಕದ್ದು ಮಾರುವವರಿದ್ದರು. ಕದ್ದ ಲಾಭ ಸಾಲದೆಂದು ಬೆರಕೆ ಮಾಡಿ ಮಾರುವವರೂ ಹುಟ್ಟಿಕೊಂಡರು.

ಇಷ್ಟು ಸಿಕ್ಕಿದ್ದೇ ತಡ, ಲಕೋಟೆಯ ಮೇಲಿನ ಪ್ರೇತಕ್ಕೆ ಮೈ ಬಂತು. ಹ್ಯಾರಿ ಲೈಮ್ ಸತ್ತಂತೆ ನಟಿಸಿದ್ದೇಕೆ? ಬೆರಕೆ ಔಷಧ ಮಾರಿದವನೆಂದು ಪೊಲೀಸರು ಬೆನ್ನು ಹತ್ತಿದ್ದರು. ಅಡಗಿದ್ದೆಲ್ಲಿ? ರಷ್ಯನ್ ವಲಯದಲ್ಲಿ. ಬಂದುಹೋಗುವುದು ಹೇಗೆ? ಚರಂಡಿಯಲ್ಲಿ. ಊರಿನ ಒಂದೊಂದು ವಿವರವೂ ಕಥೆಯ ಒಂದೊಂದು ಗಂಟಾಯಿತು.

ಇನ್ನು ಆ ಗಂಟನ್ನು ಬಿಡಿಸಬೇಕಾದವನು. ಹಾಲಿ ಮಾರ್ಟಿನ್ಸ್ ಅಗ್ಗದ ಕೌಬಾಯ್ ಕಥೆಗಳ ಲೇಖಕ. ಒಳ್ಳೆಯವನು, ಕೆಟ್ಟವನು ಎಂದು ಲೋಕವನ್ನು ಎರಡೇ ಪಾಲು ಮಾಡಿ ಬಲ್ಲವನು. ಅವನನ್ನು ದೊಡ್ಡ ಸಾಹಿತಿಯೆಂದು ಭ್ರಮಿಸಿ ಸಭೆಯೊಂದರಲ್ಲಿ ಜೇಮ್ಸ್ ಜಾಯ್ಸನ ವಿಚಾರ ಕೇಳುವ ಸನ್ನಿವೇಶ ನಮ್ಮಂಥ ಅಧ್ಯಾಪಕರಿಗೆ ನಗೆಯನ್ನೂ ತುಸು ನಾಚಿಕೆಯನ್ನೂ ತರುತ್ತದೆ. ಗೆಳೆಯನ ಕರೆಯ ಮೇಲೆ ವಿಯೆನ್ನಾಕ್ಕೆ ಬಂದವನು ನೇರ ಸ್ಮಶಾನಕ್ಕೆ ಹೋಗಬೇಕಾಗುತ್ತದೆ. ಅಪಘಾತದಲ್ಲಿ ಸತ್ತವನ ದೇಹವನ್ನು ಹೊತ್ತವರು ಇಬ್ಬರೆಂದು ಕೆಲವರು, ಮೂವರೆಂದು ಒಬ್ಬ. ಆ ಮೂರನೆಯವನಾರು?

ಇಲ್ಲೇ ಗ್ರೀನನ ಜಾಣ್ಮೆ. ಒಂದು ಗಂಟೆಗೂ ಮಿಕ್ಕಿ ಕಾಯಿಸಿ, ಕತ್ತಲ ಬಾಗಿಲಲ್ಲಿ ನಿಂತ ಲೈಮನನ್ನು ಚಿತ್ರ ತೋರಿಸಿಬಿಡುತ್ತದೆ. ಒಗಟು ಒಡೆಯಿತು, ಕುತೂಹಲ ಮಾತ್ರ ಅಲ್ಲಿಂದಲೇ ಹೆಚ್ಚುತ್ತದೆ. ಏಕೆಂದರೆ ಪ್ರಶ್ನೆ ಬದಲಾಗಿದೆ: ಯಾರು ಎಂಬುದಲ್ಲ, ಈಗ ಮಾರ್ಟಿನ್ಸ್ ಏನು ಮಾಡುತ್ತಾನೆ ಎಂಬುದು. 1897ರಲ್ಲಿ ಕಟ್ಟಿದ ಊರಿನ ದೈತ್ಯ ತಿರುಗುಚಕ್ರವೇರಿ, ಕೆಳಗಿನ ಜನರನ್ನು ಚುಕ್ಕೆಗಳೆಂದು ಎಣಿಸುವ ಲೈಮನಿಗೂ ಗೆಳೆತನದ ನಗು ಇದೆ. ಲೈಮನ ಪ್ರೇಯಸಿ ಅನ್ನಾಳ ಪಾಸ್‌ಪೋರ್ಟು ಖೋಟಾ. ರಷ್ಯನ್ನರು ಅವಳನ್ನು ಒಯ್ಯಲು ಕಾದಿದ್ದಾರೆ. ಅವಳನ್ನು ಬಿಡಿಸುವುದಕ್ಕೆ ಗೆಳೆಯನನ್ನು ಹಿಡಿದುಕೊಡಲು ಮಾರ್ಟಿನ್ಸ್ ಒಪ್ಪುತ್ತಾನೆ. ಅವಳು ಛೀ ಎನ್ನುತ್ತಾಳೆ. ಅವನು ಹಿಂಜರಿಯುತ್ತಾನೆ. ಆಗ ಪೊಲೀಸ್ ಅಧಿಕಾರಿ ಅವನನ್ನು ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಬೆರಕೆ ಔಷಧಕ್ಕೆ ಈಡಾದ ಮಕ್ಕಳ ಮುಖವನ್ನು ಚಿತ್ರ ನಮಗೆ ತೋರಿಸುವುದಿಲ್ಲ. ನೋಡುವವನ ಮುಖವನ್ನಷ್ಟೇ ತೋರಿಸುತ್ತದೆ. ಊರೂ ಮನುಷ್ಯನೂ ಒಂದಾಗುವ ಗಳಿಗೆ ಅದು.

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಬಲ್ಲವರಿಗೆ ಈ ಸಂಕಟ ಹೊಸದಲ್ಲ, 1823ರಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ದ ಮೂಲಕ ಆ ಕಥೆ ನಮ್ಮ ಗದ್ಯಕ್ಕೂ ಬಂತು. ಗೂಢಚಾರರಿಂದ ತುಂಬಿದ ಪಾಟಲಿಪುತ್ರದಲ್ಲಿ ರಾಕ್ಷಸ ಸೋಲುವುದು ಗೆಳೆಯ ಚಂದನದಾಸನ ಪ್ರಾಣ ಉಳಿಸುವುದಕ್ಕಾಗಿ. ಅಲ್ಲಿ ಗೆಳೆತನವೇ ಧರ್ಮ. ವಿಯೆನ್ನಾದಲ್ಲಿ ಧರ್ಮ ಒಂದು ಕಡೆ, ಗೆಳೆತನ ಇನ್ನೊಂದು ಕಡೆ. ಚರಂಡಿಯ ಕತ್ತಲಲ್ಲಿ ಗೆಳೆಯನ ಗುಂಡಿಗೇ ಗೆಳೆಯ ಬೀಳುತ್ತಾನೆ.

ಕೊನೆಯ ಮಾತು ಕೊನೆಯ ದೃಶ್ಯದ್ದು. ಲೈಮನ ನಿಜವಾದ ಶವಸಂಸ್ಕಾರ ಮುಗಿದ ಮೇಲೆ ಅನ್ನಾ ಮಾರ್ಟಿನ್ಸನ ತೋಳು ಹಿಡಿದು ನಡೆಯುವಳೆಂದು ಗ್ರೀನ್ ಬರೆದಿದ್ದ. ರೀಡ್ ಒಪ್ಪಲಿಲ್ಲ. ಚಿತ್ರದಲ್ಲಿ ಅವಳು ದಾರಿಯುದ್ದಕ್ಕೂ ನಡೆದು ಬಂದು, ಕಾದು ನಿಂತವನತ್ತ ಕಣ್ಣೆತ್ತಿಯೂ ನೋಡದೆ ಹಾದುಹೋಗುತ್ತಾಳೆ. ರೀಡನದೇ ಸರಿಯೆಂದು ಗ್ರೀನ್ ಮುಂದೆ ಮನಸಾರೆ ಒಪ್ಪಿಕೊಂಡ. ಅಂಥ ಊರಿನಲ್ಲಿ ಅಷ್ಟು ಅನುಭವಿಸಿದವಳು ಹಾಗಲ್ಲದೆ ಇನ್ನು ಹೇಗೆ ನಡೆದಾಳು?

1955ರಲ್ಲಿ ನಾಲ್ಕು ಸೇನೆಗಳೂ ವಿಯೆನ್ನಾವನ್ನು ಬಿಟ್ಟವು, ವಲಯಗಳು ಅಳಿಸಿಹೋದವು. ಚಿತ್ರ ಉಳಿದಿದೆ. ಆ ಹುಡುಗ ಮತ್ತೆ ಸಿಕ್ಕಿದರೆ ಹೇಳಬೇಕು: ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬೇಡಪ್ಪ. ನಿನ್ನ ಊರು ಯಾವ ಕಷ್ಟದ ಪ್ರಶ್ನೆ ಕೇಳುತ್ತದೆಂದು ಮೊದಲು ತಿಳಿ. ಆಮೇಲೆ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದ ಮನುಷ್ಯನನ್ನು ಹುಡುಕು.